ಮನೆಯ ಲಿನಕ್ಸ್ ಗಣಕಯಂತ್ರ: ಎರಡನೆಯ ಪ್ರತಿ ಎಲ್ಲಿರಬೇಕು?

ವಿಂಡೋಸ್ 10 ಎಂಬ ವ್ಯವಸ್ಥೆಗೆ ಅದರ ತಯಾರಕರು ಉಚಿತವಾಗಿ ಒದಗಿಸುತ್ತಿದ್ದ ಸಾಮಾನ್ಯ ಬೆಂಬಲವು 2025ನೆಯ ಇಸವಿಯ ಅಕ್ಟೋಬರ್ 14ರಂದು ಕೊನೆಗೊಂಡಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11ನ್ನು ಹೊರಲಾರದ ಹಳೆಯ ಯಂತ್ರಗಳು ನಮ್ಮವರ ಮನೆಗಳಲ್ಲಿ ಎಷ್ಟೋ ಇವೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚಿ ಸ್ಟ್ರೀಟ್ ಮುಂತಾದೆಡೆ ಕಡಮೆ ಬೆಲೆಗೆ ಕೊಂಡು ತಂದ ಬಳಕೆಯ ಯಂತ್ರಗಳಲ್ಲಿಯೂ ಇಂಥವು ಅನೇಕ. ಇವನ್ನು ಗುಜರಿಗೆ ಹಾಕದೆ, ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ಉಚಿತ ಲಿನಕ್ಸ್ ವ್ಯವಸ್ಥೆಗಳನ್ನು ಹಾಕಿಕೊಂಡು ಮುಂದುವರಿಸುವುದು ಜಾಣತನವೇ ಸರಿ. ಖರ್ಚಿಲ್ಲ, ಕನ್ನಡವನ್ನು ಓದಲು ಬರೆಯಲು ಅಡ್ಡಿಯೂ ಇಲ್ಲ. ಆದರೆ ಯಂತ್ರವು ಹಳೆಯದಾದರೆ ಅದರೊಳಗಣ ಡಿಸ್ಕೂ ಸಾಮಾನ್ಯವಾಗಿ ಅಷ್ಟೇ ಹಳೆಯದು. ವ್ಯವಸ್ಥೆಯು ಹೊಸದಾದ ಮಾತ್ರಕ್ಕೆ ಅದನ್ನು ಹೊತ್ತಿರುವ ಡಿಸ್ಕಿನ ಆಯುಷ್ಯವು ಹೆಚ್ಚುವುದಿಲ್ಲ.

ಆ ಡಿಸ್ಕಿನೊಳಗೆ ಇರುವುದಾದರೂ ಏನು? ಹೋಟೆಲಿನಲ್ಲಿ ದುಡಿಯುವವರ, ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವವರ ಮನೆಯ ಯಂತ್ರದಲ್ಲಿ ಊರಿನ ಜಮೀನಿನ ಪಹಣಿ ಇರುತ್ತದೆ. ಮಕ್ಕಳ ಅಂಕಪಟ್ಟಿ, ರಾತ್ರಿ ಶಾಲೆಯಲ್ಲಿ ಓದಿ ಪಾಸಾದ ಸರ್ಟಿಫಿಕೇಟು, ಪ್ರಾವಿಡೆಂಟ್ ಫಂಡಿನ ಲೆಕ್ಕ, ಖೋಲಿಯ ಬಾಡಿಗೆಯ ಕರಾರು, ಊರಿಗೆ ಕಳುಹಿಸಿದ ಹಣದ ತಿಂಗಳುವಾರು ಟಿಪ್ಪಣಿ ಇರುತ್ತವೆ. ಇವುಗಳೊಂದಿಗೆ ಮದುವೆ ಮುಂಜಿಗಳ ಭಾವಚಿತ್ರಗಳು, ತೀರಿಕೊಂಡ ತಾಯಿಯ ಧ್ವನಿ. ಪಹಣಿಯ ಇನ್ನೊಂದು ಪ್ರತಿಯನ್ನು ಸರಕಾರದಿಂದ ಪಡೆಯಬಹುದು. ಅಂಕಪಟ್ಟಿಗೂ ಅರ್ಜಿ ಹಾಕಿ, ಶುಲ್ಕ ತೆತ್ತು, ಕಾದು ಕುಳಿತರೆ ಎಂದಾದರೊಂದು ದಿನ ಬಂದೀತು. ತಾಯಿಯ ಧ್ವನಿಗೆ ಮಾತ್ರ ಯಾವ ಕಚೇರಿಯಲ್ಲಿಯೂ ನಕಲು ಪ್ರತಿಯಿಲ್ಲ.

ಆದುದರಿಂದ ಬ್ಯಾಕಪ್ ಎಂದು ಕರೆಯಲ್ಪಡುವ ಎರಡನೆಯ ಪ್ರತಿಯ ವಿಷಯವನ್ನು ಮನೆಯ ಯಜಮಾನನಾದವನು ಒಮ್ಮೆ ಕುಳಿತು ಯೋಚಿಸತಕ್ಕದ್ದು. ಇದರಲ್ಲಿ ಸಾಮಾನ್ಯವಾಗಿ ಮೊದಲು ಕೇಳಲಾಗುವ ಪ್ರಶ್ನೆ, ‘ಇದಕ್ಕೆ ಯಾವ ಪ್ರೋಗ್ರಾಮು ಒಳ್ಳೆಯದು?’ ಎಂಬುದು. ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಲಿನಕ್ಸಿನಲ್ಲಿ ಈ ಕೆಲಸಕ್ಕೆ ಒಳ್ಳೆಯ ಪ್ರೋಗ್ರಾಮುಗಳು ಬೇಕಾದಷ್ಟಿವೆ, ಎಲ್ಲವೂ ಉಚಿತ. ಮೊದಲು ಕೇಳಿಕೊಳ್ಳಬೇಕಾದುದು, ನಾವು ಅಂಜುತ್ತಿರುವುದು ಯಾವ ನಷ್ಟಕ್ಕೆ ಎಂಬುದನ್ನು.

ಡಿಸ್ಕು ಸಾಯುವುದೊಂದೇ ನಷ್ಟವಲ್ಲ. ನಮ್ಮ ಕೈಯಿಂದಲೇ ಅಳಿಸಿಹೋಗುವುದುಂಟು. ಲಿನಕ್ಸಿನಲ್ಲಿ ‘ಆರ್‌ಎಮ್’ ಎಂಬ ಎರಡಕ್ಷರದ ಆಜ್ಞೆಯಿಂದ ಅಳಿಸಿದ ಫೈಲು ಕಸದ ಬುಟ್ಟಿಗೂ ಹೋಗುವುದಿಲ್ಲ, ನೇರವಾಗಿ ಇಲ್ಲವಾಗುತ್ತದೆ. ಈಗಿನ ಎಸ್‌ಎಸ್‌ಡಿ ಡಿಸ್ಕುಗಳಲ್ಲಿ ಖಾಲಿಯಾದ ಜಾಗವನ್ನು ವ್ಯವಸ್ಥೆಯು ಆಗಾಗ್ಗೆ ತಾನಾಗಿಯೇ ಒರಸಿಬಿಡುವುದರಿಂದ, ಹಾಗೆ ಹೋದುದನ್ನು ಹುಡುಕಿ ತೆಗೆಯುವ ಆಸೆಯನ್ನು ಬಹುಮಟ್ಟಿಗೆ ಬಿಡಬೇಕಾಗುತ್ತದೆ. ಇನ್ನು ಕಳವು, ಬೆಂಕಿ, ನೀರು. 2005ನೆಯ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಸುರಿದುದನ್ನು ನಮ್ಮಲ್ಲಿ ಹಿರಿಯರಾರೂ ಮರೆತಿರಲಾರರು. ಅಂಥದೊಂದು ದಿನ ನೆಲಮಾಳಿಗೆಯ ಮನೆಗೆ ಎದೆಮಟ್ಟ ನೀರು ನುಗ್ಗಿದರೆ, ಮೇಜಿನ ಮೇಲಿನ ಗಣಕಯಂತ್ರವೂ ಅದರ ಪಕ್ಕದ ಸೇದುಗೂಡಿನಲ್ಲಿ ಜೋಪಾನವಾಗಿ ಇರಿಸಿದ ಬ್ಯಾಕಪ್ ಡಿಸ್ಕೂ ಕೂಡಿಯೇ ಮುಳುಗುತ್ತವೆ. ಅಂದಿನ ಮಟ್ಟಿಗೆ ಆ ಮನೆಯವರ ಬಳಿ ಇದ್ದುದು ಎರಡು ಪ್ರತಿಗಳಲ್ಲ, ಒಂದೇ.

ಪ್ರತಿಗಳು ಬೇರೆ ಬೇರೆ ಕಡೆ ಇರಬೇಕೆಂಬ ವಿಚಾರ ಕನ್ನಡಿಗರಿಗೆ ಹೊಸದೇನಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ತಾಳೆಗರಿಯಲ್ಲಿ ಬರೆಯಿಸಿ ಹಂಚಿದಳೆಂಬುದು ಸಾವಿರ ವರ್ಷಗಳಿಂದ ಬಂದ ಪ್ರಸಿದ್ಧಿ. ಶಾಂತಿಪುರಾಣವು ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಅತ್ತಿಮಬ್ಬೆಯ ಆಶ್ರಯ ಪಡೆದ ರನ್ನನ ಪರಶುರಾಮಚರಿತವೂ ಚಕ್ರೇಶ್ವರಚರಿತವೂ ಹೆಸರಿಗೆ ಮಾತ್ರ ಉಳಿದಿವೆ, ಗ್ರಂಥಗಳು ದೊರೆತಿಲ್ಲ. ಆಕೆಯು ಸಾವಿರವನ್ನೂ ಒಂದೇ ಭಂಡಾರದಲ್ಲಿ ಪೇರಿಸಿಡಲಿಲ್ಲ, ಹಂಚಿದಳು ಎಂಬುದನ್ನು ಗಮನಿಸತಕ್ಕದ್ದು.

ಇಂದಿನ ಗಣಕಶಾಸ್ತ್ರದವರು ಇದನ್ನೇ ‘ಮೂರು-ಎರಡು-ಒಂದು’ ಎಂಬ ಸೂತ್ರವಾಗಿ ಹೇಳುತ್ತಾರೆ. ಅಮೆರಿಕದ ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರ ಗ್ರಂಥದಿಂದ ಪ್ರಚಾರಕ್ಕೆ ಬಂದ ಸೂತ್ರವಿದು. ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳ ಮೇಲೆ, ಒಂದು ಪ್ರತಿ ಮನೆಯಿಂದ ಹೊರಗೆ. ಬಡವರ ಮನೆಗೆ ಇದು ಅತಿಯಾಯಿತೆಂದು ಕೆಲವರು ಹೇಳಬಹುದು. ನಮ್ಮ ಅಭಿಪ್ರಾಯದಲ್ಲಿ ಸಾಧನಗಳು ಎರಡು ಬಗೆಯವಾಗಿರಬೇಕೆಂಬ ಅಂಶವನ್ನು ಮನೆಯ ಮಟ್ಟಿಗೆ ಸಡಿಲಿಸಬಹುದು. ಹೊರಗೊಂದು ಪ್ರತಿ ಇರಬೇಕೆಂಬುದನ್ನು ಸಡಿಲಿಸಲಾಗದು.

ಪ್ರತಿಬಿಂಬವು ಪ್ರತಿಯಲ್ಲ

ಸ್ಥಳದಲ್ಲಿ ಮಾತ್ರವಲ್ಲ, ಕಾಲದಲ್ಲಿಯೂ ಪ್ರತಿಗಳು ದೂರದೂರ ಇರಬೇಕು. ಬಹಳ ಮಂದಿ ಎಡವುವುದು ಇಲ್ಲಿಯೇ ಆದ ಕಾರಣ ತುಸು ವಿವರವಾಗಿ ಹೇಳುವುದು ಲೇಸು.

ಎರಡು ಡಿಸ್ಕುಗಳನ್ನು ಜೋಡಿಸಿ, ಒಂದರಲ್ಲಿ ಬರೆದುದು ಆ ಕ್ಷಣವೇ ಇನ್ನೊಂದರಲ್ಲಿಯೂ ಮೂಡುವಂತೆ ಮಾಡುವ ‘ರೈಡ್’ ಎಂಬ ಏರ್ಪಾಡುಂಟು. ಫೋನು, ಗಣಕಯಂತ್ರ, ದೂರದ ಸರ್ವರು ಇವು ಮೂರನ್ನೂ ಒಂದಕ್ಕೊಂದು ಸರಿಹೊಂದಿಸುತ್ತಿರುವ ‘ಸಿಂಕ್’ ಸೇವೆಗಳೂ ಉಂಟು. ಇವೆರಡೂ ಉಪಯುಕ್ತವೇ. ಆದರೆ ಇಂದು ನಾವು ಒಂದು ಫೋಲ್ಡರನ್ನು ಕೈತಪ್ಪಿ ಅಳಿಸಿದರೆ ಅವೂ ಅಷ್ಟೇ ನಿಷ್ಠೆಯಿಂದ ಅದನ್ನು ಅಳಿಸುತ್ತವೆ. ಗೂಗಲ್ ಡ್ರೈವ್ ಅಳಿಸಿದುದನ್ನು ಬುಟ್ಟಿಯಲ್ಲಿ 30 ದಿನ ಇಟ್ಟುಕೊಂಡಿದ್ದು ಬಳಿಕ ತೆಗೆದುಹಾಕುತ್ತದೆ. ಮಗಳ ಶಾಲೆಯ ದಾಖಲೆ ಹೋಗಿದೆಯೆಂದು ನಮಗೆ ಗೊತ್ತಾಗುವುದು ಮುಂದಿನ ಜೂನ್ ತಿಂಗಳಲ್ಲಿ, ಪ್ರವೇಶದ ಅರ್ಜಿ ತುಂಬುವಾಗ.

ಆದ್ದರಿಂದ ಬ್ಯಾಕಪ್ ಎನ್ನಿಸಿಕೊಳ್ಳುವಂಥದು ನಿನ್ನೆಯ ಸ್ಥಿತಿಯನ್ನೂ ಕಳೆದ ತಿಂಗಳ ಸ್ಥಿತಿಯನ್ನೂ ಆರು ತಿಂಗಳ ಹಿಂದಿನ ಸ್ಥಿತಿಯನ್ನೂ ಪ್ರತ್ಯೇಕವಾಗಿ ತೋರಿಸಬಲ್ಲದಾಗಿರಬೇಕು. ಗುಮಾಸ್ತರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಈ ದಿನದ ಶಿಲ್ಕನ್ನು ಮಾತ್ರ ಹಲಗೆಯ ಮೇಲೆ ಬರೆದು, ನಿನ್ನೆಯದನ್ನು ಒರಸಿಬಿಡುವ ಅಂಗಡಿಯಲ್ಲಿ ಲೆಕ್ಕದ ತಪ್ಪನ್ನು ಹಿಡಿಯುವುದೆಂತು? ಕಿರ್ದಿಯ ಹಿಂದಿನ ಪುಟಗಳು ಇರುವುದೇ ಅದಕ್ಕಾಗಿ.

ಲಿನಕ್ಸ್ ಮಿಂಟಿನೊಂದಿಗೆ ಬರುವ ‘ಟೈಮ್‌ಶಿಫ್ಟ್’ ಎಂಬುದರ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ವ್ಯವಸ್ಥೆ ಕೆಟ್ಟರೆ ಅದನ್ನು ಹಿಂದಿನ ದಿನದ ಸ್ಥಿತಿಗೆ ತರುವುದು ಅದರ ಕೆಲಸ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಆದರೆ ನಾವು ಬೇರೆ ಸೂಚನೆ ಕೊಡದ ಹೊರತು ಬಳಕೆದಾರನ ಸ್ವಂತ ಫೈಲುಗಳಿರುವ ‘ಹೋಮ್’ ಭಾಗವನ್ನು ಅದು ಮುಟ್ಟುವುದೇ ಇಲ್ಲ. ಪರದೆಯ ಮೇಲೆ ಸಾಲುಸಾಲಾಗಿ ತಾರೀಕುಗಳು ಕಾಣುತ್ತಿರುವುದರಿಂದ ಎಲ್ಲವೂ ಸುರಕ್ಷಿತವೆಂಬ ನಂಬಿಕೆ ಹುಟ್ಟುತ್ತದೆ. ಉಳಿಯುವುದು ಪುನಃ ಅರ್ಧ ಗಂಟೆಯಲ್ಲಿ ಉಚಿತವಾಗಿ ಹಾಕಿಕೊಳ್ಳಬಹುದಾದ ವ್ಯವಸ್ಥೆ. ಹೋಗುವುದು ತಾಯಿಯ ಧ್ವನಿ.

ಯಾವುದನ್ನು ಪ್ರತಿ ಮಾಡತಕ್ಕದ್ದು

ಇಲ್ಲಿ ಲಿನಕ್ಸ್ ನಮಗೆ ಅನುಕೂಲವಾಗಿದೆ. ಪ್ರೋಗ್ರಾಮುಗಳು ಒಂದು ಕಡೆ, ನಮ್ಮ ಸ್ವಂತದ ಸಕಲವೂ ‘ಹೋಮ್’ ಎಂಬುದರೊಳಗೆ ನಮ್ಮ ಹೆಸರಿನ ಫೋಲ್ಡರಿನಲ್ಲಿ. ಅದೊಂದನ್ನು ಪೂರ್ತಿಯಾಗಿ ಪ್ರತಿ ಮಾಡಿದರೆ ಮನೆಯ ಮಟ್ಟಿಗೆ ಬಹುತೇಕ ಕೆಲಸ ಮುಗಿದಂತೆ. ಸ್ಥಾಪಿಸಿಕೊಂಡ ಪ್ರೋಗ್ರಾಮುಗಳ ಹೆಸರಿನ ಪಟ್ಟಿಯೊಂದನ್ನು ಅದರಲ್ಲಿ ಬರೆದಿಟ್ಟರೆ ಮುಂದೆ ಹುಡುಕಾಟ ತಪ್ಪುತ್ತದೆ. ಇಡೀ ಡಿಸ್ಕಿನ ಅಚ್ಚುಪ್ರತಿ ತೆಗೆಯುವ ಉತ್ಸಾಹಿಗಳೂ ಇದ್ದಾರೆ. ಅದು ಜಾಗವನ್ನೂ ಹೊತ್ತನ್ನೂ ತಿನ್ನುತ್ತದೆಯಲ್ಲದೆ, ಬೇಸರ ಹುಟ್ಟಿಸಿ ಎರಡು ತಿಂಗಳಲ್ಲಿ ನಿಂತೂ ಹೋಗುತ್ತದೆ.

ಕಣ್ಣಿಗೆ ಕಾಣುವ ಫೋಲ್ಡರುಗಳನ್ನಷ್ಟೇ ಎಳೆದು ಪೆನ್‌ಡ್ರೈವಿಗೆ ಹಾಕಿಕೊಳ್ಳುವ ರೂಢಿಯೊಂದಿದೆ. ಅದು ಸಾಲದು. ಲಿನಕ್ಸಿನಲ್ಲಿ ಹೆಸರಿನ ಮೊದಲಿಗೆ ಚುಕ್ಕೆಯಿರುವ ಫೋಲ್ಡರುಗಳು ಸಾಮಾನ್ಯ ನೋಟಕ್ಕೆ ಮರೆಯಾಗಿರುತ್ತವೆ. ಬ್ರೌಸರಿನ ಗುರುತುಗಳು, ಥಂಡರ್‌ಬರ್ಡಿನಲ್ಲಿ ಇಳಿಸಿಕೊಂಡ ಅಂಚೆ, ನಾವಾಗಿ ಹಾಕಿಕೊಂಡ ಅಕ್ಷರವಿನ್ಯಾಸಗಳು ಇರುವುದು ಇಂಥ ಮರೆಯಲ್ಲಿಯೇ. ಕನ್ನಡದವರಿಗೆ ಈ ಕೊನೆಯದು ಮುಖ್ಯ. ಯುನಿಕೋಡ್ ಬಳಕೆ ರೂಢಿಯಾಗುವ ಮೊದಲು ನುಡಿ, ಬರಹ ಮುಂತಾದುವುಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದಿಟ್ಟ ಪತ್ರಗಳು, ಸಂಘದ ನಡಾವಳಿಗಳು, ಕವಿತೆಗಳು ಅನೇಕರಲ್ಲಿವೆ. ಫೈಲು ಉಳಿದು ಅದರ ಅಕ್ಷರವಿನ್ಯಾಸವು ಹೋದರೆ ತೆರೆದಾಗ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಆ ಅಕ್ಷರವಿನ್ಯಾಸಗಳನ್ನೂ ಕೂಡಿಸಿ ಪ್ರತಿ ಮಾಡತಕ್ಕದ್ದು. ಬಿಡುವಾದಾಗ ಫೈಲುಗಳನ್ನು ಯುನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಇನ್ನೂ ಒಳ್ಳೆಯದು.

ಡಿಸ್ಕು, ಪ್ರೋಗ್ರಾಮು, ಗುಪ್ತಪದ

ಹೊರಗಿನಿಂದ ಯುಎಸ್‌ಬಿ ತಂತಿಯಲ್ಲಿ ಜೋಡಿಸುವ ಡಿಸ್ಕು ಮನೆಗೆ ಸಾಕು. ಪೆನ್‌ಡ್ರೈವು ಫೈಲುಗಳನ್ನು ಅಲ್ಲಿಂದಿಲ್ಲಿಗೆ ಒಯ್ಯುವುದಕ್ಕೆ ಸರಿ, ವರ್ಷಗಟ್ಟಲೆ ಇರಿಸುವುದಕ್ಕೆ ಅದನ್ನು ನಂಬಲಾಗದು. ಡಿಸ್ಕಿನ ಗಾತ್ರವು ನಮ್ಮ ಫೈಲುಗಳ ಒಟ್ಟು ಗಾತ್ರದ ಎರಡರಷ್ಟಾದರೂ ಇದ್ದರೆ ಹಳೆಯ ಆವೃತ್ತಿಗಳಿಗೆ ಸ್ಥಳ ದೊರೆಯುತ್ತದೆ. ಅಂಗಡಿಯಿಂದ ಬರುವ ಡಿಸ್ಕುಗಳು ಸಾಮಾನ್ಯವಾಗಿ ವಿಂಡೋಸಿಗೆ ಹೊಂದುವಂತೆ ಸಿದ್ಧವಾಗಿರುತ್ತವೆ. ಅದನ್ನು ಖಾಲಿ ಇರುವಾಗಲೇ ಲಿನಕ್ಸಿನದೇ ಆದ ‘ಇಎಕ್ಸ್‌ಟಿ4’ ಪದ್ಧತಿಗೆ ತಿರುಗಿಸಿಕೊಂಡರೆ ಫೈಲಿನ ಒಡೆತನ, ಅನುಮತಿ ಮೊದಲಾದ ವಿವರಗಳು ಕೆಡದೆ ಉಳಿಯುತ್ತವೆ. ಕೆಲಸ ಮುಗಿದೊಡನೆ ಡಿಸ್ಕನ್ನು ಕಳಚಿಡಬೇಕು. ಸದಾ ಜೋಡಿಸಿಯೇ ಇದ್ದರೆ ಯಂತ್ರಕ್ಕೆ ಹೊಡೆದ ವಿದ್ಯುತ್ತಿನ ಏಟು, ಫೈಲುಗಳನ್ನು ಬೀಗ ಹಾಕಿ ಹಣ ಕೇಳುವ ದುಷ್ಟ ಪ್ರೋಗ್ರಾಮಿನ ಕೈ, ಎರಡೂ ಅದಕ್ಕೂ ತಾಗುತ್ತವೆ.

ಈಗ ಪ್ರೋಗ್ರಾಮಿನ ಮಾತು. ಇವುಗಳಲ್ಲಿ ಹಲವಕ್ಕೆ ಅಡಿಪಾಯವಾಗಿರುವುದು ‘ಆರ್‌ಸಿಂಕ್’. ಆಸ್ಟ್ರೇಲಿಯದ ಆಂಡ್ರೂ ಟ್ರಿಜೆಲ್, ಪಾಲ್ ಮೆಕೆರಸ್ ಎಂಬವರು 1996ರಲ್ಲಿ ಹೊರತಂದ ಈ ಪ್ರೋಗ್ರಾಮು ಎಲ್ಲವನ್ನೂ ಪುನಃ ನಕಲಿಸದೆ ಬದಲಾದುದನ್ನಷ್ಟೇ ಒಯ್ಯುತ್ತದೆ. ಆಜ್ಞೆಗಳನ್ನು ಬೆರಳಚ್ಚಿಸಲು ಅಂಜದವರಿಗೆ ಇದೊಂದೇ ಸಾಕು. ಆದರೆ ಅದಕ್ಕೆ ‘ಡಿಲೀಟ್’ ಎಂಬ ಸೂಚನೆಯನ್ನು ಸೇರಿಸಿದರೆ ಮೂಲದಲ್ಲಿ ಇಲ್ಲದುದನ್ನು ಪ್ರತಿಯಿಂದಲೂ ತೆಗೆದುಬಿಡುತ್ತದೆ. ಕಾರಣಾಂತರದಿಂದ ಮೂಲದ ಫೋಲ್ಡರು ಅಂದು ಖಾಲಿಯಾಗಿ ಕಂಡರೆ, ಪ್ರತಿಯೂ ಖಾಲಿ. ಹೊಸಬರು ಇದರಿಂದ ದೂರವಿರುವುದು ಕ್ಷೇಮ.

ಆರ್‌ಸಿಂಕಿನ ಮೇಲೆಯೇ ಕಟ್ಟಲಾದ ‘ಬ್ಯಾಕ್ ಇನ್ ಟೈಮ್’ ಎಂಬುದು ಪ್ರತಿ ಸಲವೂ ತಾರೀಕು ಹಾಕಿದ ಹೊಸ ಫೋಲ್ಡರನ್ನು ತೆರೆಯುತ್ತದೆ. ಬದಲಾಗದ ಫೈಲುಗಳಿಗೆ ಪುನಃ ಜಾಗ ವ್ಯಯಿಸುವುದಿಲ್ಲ. ಯಾವ ವಿಶೇಷ ಸಾಧನವೂ ಇಲ್ಲದೆ, ಸಾಮಾನ್ಯ ಫೋಲ್ಡರಿನಂತೆಯೇ ತೆರೆದು ನೋಡಬಹುದೆಂಬುದು ಇದರ ದೊಡ್ಡ ಗುಣ. ‘ದೇಜಾ ದುಪ್’ ಎಂಬ ಇನ್ನೊಂದು ಉಬುಂಟುವಿನಲ್ಲಿ ಸುಲಭವಾಗಿ ದೊರೆಯುತ್ತದೆ. ಯಾವ ಫೋಲ್ಡರು, ಎಲ್ಲಿಗೆ, ಎಷ್ಟು ದಿನಕ್ಕೊಮ್ಮೆ ಎಂದು ಕೇಳಿಕೊಂಡು ಮಿಕ್ಕುದನ್ನು ತಾನೇ ಮಾಡುತ್ತದೆ. ಬೇಕಾದರೆ ಪ್ರತಿಯನ್ನು ಗುಪ್ತಪದದಿಂದ ಮುಚ್ಚುತ್ತದೆ. ಇವುಗಳಿಗಿಂತ ಬಲಶಾಲಿಯಾದ ‘ಬೋರ್ಗ್’, ‘ರೆಸ್ಟಿಕ್’ ಎಂಬವೂ ಉಂಟು. ಒಂದೇ ಚಿತ್ರವು ಹತ್ತು ಕಡೆ ಇದ್ದರೂ ಒಮ್ಮೆ ಮಾತ್ರ ಇಟ್ಟುಕೊಳ್ಳುವ ಚಾತುರ್ಯ ಇವಕ್ಕಿದೆ. ಆದರೆ ಆಜ್ಞೆಗಳ ಮೂಲಕ ನಡೆಯುವಂಥವು.

ನಮ್ಮನ್ನು ಕೇಳಿದರೆ, ಮನೆಯಲ್ಲಿ ಇರುವ ಡಿಸ್ಕಿಗೆ ಬ್ಯಾಕ್ ಇನ್ ಟೈಮ್, ಮನೆಯಿಂದ ಹೊರಗೆ ಹೋಗುವ ಪ್ರತಿಗೆ ಗುಪ್ತಪದ ಹಾಕಿದ ದೇಜಾ ದುಪ್ ಎನ್ನುತ್ತೇವೆ. ಎರಡು ಬೇರೆ ಪ್ರೋಗ್ರಾಮುಗಳಾದರೆ ಒಂದರ ದೋಷವು ಇನ್ನೊಂದನ್ನು ಬಾಧಿಸುವುದಿಲ್ಲವೆಂಬ ಲಾಭವೂ ಇದೆ.

ಗುಪ್ತಪದವನ್ನು ಮರೆತವರಿಗೆ ಅಂಥ ಪ್ರತಿಯನ್ನು ತೆರೆದುಕೊಡಬಲ್ಲವರು ಯಾರೂ ಇಲ್ಲ. ಅದನ್ನು ಕಾಗದದ ಮೇಲೆ ಬರೆದು, ವಿಮಾ ಪಾಲಿಸಿ ಇರುವ ಲಕೋಟೆಯಲ್ಲಿಡುವುದು ಹಳೆಯ ಕ್ರಮವಾದರೂ ಒಳ್ಳೆಯ ಕ್ರಮ. ಆ ಲಕೋಟೆ ಎಲ್ಲಿದೆಯೆಂದು ಮನೆಯಾಕೆಗೂ ಗೊತ್ತಿರಬೇಕು. ಯಂತ್ರದ ವ್ಯವಹಾರವೆಲ್ಲವೂ ಒಬ್ಬನ ತಲೆಯಲ್ಲಿಯೇ ಇದ್ದ ಸಂಸಾರದಲ್ಲಿ ಆತನಿಗೆ ಹೆಚ್ಚುಕಡಮೆಯಾದರೆ ಡಿಸ್ಕು ಎದುರಿಗಿದ್ದೂ ಇಲ್ಲದಂತೆಯೇ.

ಹೊರಗೆಂದರೆ ಎಲ್ಲಿ?

ಹೋಟೆಲಿನ ಅಟ್ಟದಲ್ಲಿಯೋ, ನಾಲ್ಕಾರು ಮಂದಿ ಕೂಡಿದ ಖೋಲಿಯಲ್ಲಿಯೋ ಇರುವವರಿಗೆ ಮೂಟೆ ಇಡುವುದಕ್ಕೇ ಜಾಗವಿಲ್ಲದಿರುವಾಗ ಈ ಮಾತು ಕಠಿನವೆನಿಸಬಹುದು. ಆದರೆ ಡಿಸ್ಕೆಂಬುದು ಅಂಗೈಯಗಲದ ವಸ್ತು. ಬೇರೆ ಉಪನಗರದಲ್ಲಿರುವ ಅಣ್ಣನ ಮನೆಯಲ್ಲಿ, ಭಾವನ ಮನೆಯಲ್ಲಿ, ಕಚೇರಿಯ ಸ್ವಂತ ಬೀಗದ ಪೆಟ್ಟಿಗೆಯಲ್ಲಿ ಇಡಬಹುದು. ಗುಪ್ತಪದ ಹಾಕಿದುದಾದ್ದರಿಂದ ಅವರು ತೆರೆದು ನೋಡುವರೆಂಬ ಸಂಕೋಚವೂ ಬೇಡ. ಪರಸ್ಪರ ಡಿಸ್ಕುಗಳನ್ನು ಅದಲುಬದಲು ಮಾಡಿಕೊಳ್ಳುವ ಇಬ್ಬರು ಸ್ನೇಹಿತರಿದ್ದರೆ ಇಬ್ಬರಿಗೂ ಖರ್ಚಿಲ್ಲದ ಕಾವಲು. ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಹೋಗುವಾಗ ಒಂದು ಪ್ರತಿಯನ್ನು ಅಲ್ಲಿಯೇ ಬಿಟ್ಟುಬರುವುದೂ ಉಂಟು. ಅದು ಒಳ್ಳೆಯದೇ, ಆದರೆ ಅದೊಂದನ್ನೇ ನೆಚ್ಚಿದರೆ ಹನ್ನೊಂದು ತಿಂಗಳ ಫೈಲುಗಳು ಅನಾಥ.

ದೂರದ ಸರ್ವರಿನಲ್ಲಿ ಬಾಡಿಗೆಯ ಸ್ಥಳ ಪಡೆಯುವುದು ಇನ್ನೊಂದು ಉಪಾಯ. ಗೂಗಲಿನ ಖಾತೆಗೆ ಉಚಿತವಾಗಿ ದೊರೆಯುವುದು ಅಂಚೆ, ಚಿತ್ರ ಎಲ್ಲ ಸೇರಿ 15 ಜಿಬಿ. ಭಾವಚಿತ್ರಗಳಿಗೆ ಅದು ಸಾಲದಾದರೂ ಕಾಗದಪತ್ರಗಳಿಗೆ ಧಾರಾಳ. ಸ್ಕ್ಯಾನ್ ಮಾಡಿದ ಒಂದು ಪುಟ ಒಂದು ಎಂಬಿ ಎಂದು ಹಿಡಿದರೂ ಸಾವಿರ ಪುಟಗಳಿಗೆ ಒಂದು ಜಿಬಿ. ಬೆಲೆಯುಳ್ಳ ದಾಖಲೆಗಳನ್ನಷ್ಟೇ ಆರಿಸಿ, ಗುಪ್ತಪದದಿಂದ ಮುಚ್ಚಿ ಅಲ್ಲಿಯೂ ಒಂದು ಪ್ರತಿ ಇಡಬಹುದು. ಆದರೆ ಅದು ಏಕೈಕ ಪ್ರತಿಯಾಗಕೂಡದು. ಸರ್ವರುಗಳೂ ಎಲ್ಲಿಯೋ ಒಂದು ಕಟ್ಟಡದಲ್ಲಿಯೇ ಇರುತ್ತವೆ. 2025ನೆಯ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ದೇಜಾನ್ ನಗರದಲ್ಲಿ ಸರಕಾರದ ದತ್ತಕೇಂದ್ರಕ್ಕೆ ಬೆಂಕಿ ಬಿದ್ದು, ಅಲ್ಲಿಯ ಸರಕಾರಿ ನೌಕರರು ಕಡತಗಳನ್ನಿಡುತ್ತಿದ್ದ 858 ಟಿಬಿ ಗಾತ್ರದ ಭಂಡಾರವು ನಾಶವಾಯಿತು. ಗಾತ್ರವು ಬಹಳವಾಯಿತೆಂದು ಅದಕ್ಕೆ ಹೊರಗೊಂದು ಪ್ರತಿಯನ್ನೇ ಇಟ್ಟಿರಲಿಲ್ಲ!

ಮರಳಿ ಪಡೆದು ನೋಡಿದ ಮೇಲೆಯೇ

2017ನೆಯ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಹೆಸರಾಂತ ಕಂಪೆನಿಯಲ್ಲಿ ಇಂಜಿನಿಯರೊಬ್ಬರು ರಾತ್ರಿಯ ದಣಿವಿನಲ್ಲಿ, ಒಂದು ಸರ್ವರೆಂದು ತಿಳಿದು ಇನ್ನೊಂದರ ಮೇಲೆ ಅಳಿಸುವ ಆಜ್ಞೆ ಕೊಟ್ಟರು. ಸುಮಾರು 300 ಜಿಬಿ ಮಾಹಿತಿ ಕ್ಷಣದಲ್ಲಿ ಹೋಯಿತು. ಬ್ಯಾಕಪ್ಪಿನ ಹಲವು ಏರ್ಪಾಡುಗಳು ಅಲ್ಲಿದ್ದವು. ತೆರೆದು ನೋಡಿದರೆ ಪ್ರತಿಗಳಿರಬೇಕಾದ ಜಾಗ ಖಾಲಿ. ಪ್ರೋಗ್ರಾಮಿನ ಆವೃತ್ತಿ ಹೊಂದದೆ ಕೆಲಸವು ದಿನದಿನವೂ ವಿಫಲವಾಗುತ್ತಿತ್ತು, ಅದನ್ನು ತಿಳಿಸುವ ಅಂಚೆಗಳೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆಗಳ ಮುಂಚೆ ತೆಗೆದ ಒಂದು ಪ್ರತಿ ಆಕಸ್ಮಿಕವಾಗಿ ಉಳಿದಿದ್ದುದರಿಂದ ಕಂಪೆನಿಯ ಮಾನ ಉಳಿಯಿತು. ಆದುದನ್ನು ಆದಂತೆಯೇ ಅವರು ಲೋಕಕ್ಕೆ ತಿಳಿಸಿದುದನ್ನು ಮೆಚ್ಚಬೇಕು.

ಇದಕ್ಕೂ ಮುಂಚೆ, 1998ರಲ್ಲಿ, ಪಿಕ್ಸಾರ್ ಸಂಸ್ಥೆಯು ‘ಟಾಯ್ ಸ್ಟೋರಿ 2’ ಎಂಬ ಚಲಚ್ಚಿತ್ರವನ್ನು ತಯಾರಿಸುತ್ತಿದ್ದಾಗ, ಮೇಲೆ ಹೇಳಿದ ಅದೇ ‘ಆರ್‌ಎಮ್’ ಆಜ್ಞೆಯಿಂದ ಚಿತ್ರದ ಬಹುಪಾಲು ಅಳಿಸಿಹೋಯಿತು. ಅಲ್ಲಿಯೂ ಬ್ಯಾಕಪ್ ಕೆಟ್ಟಿತ್ತು. ಬಾಣಂತನದ ನಿಮಿತ್ತ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗೆಲಿನ್ ಸುಸ್ಮನ್ ಎಂಬ ಮಹಿಳೆಯ ಯಂತ್ರದಲ್ಲಿ ಒಂದು ಪ್ರತಿ ಇದ್ದಿತು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿ ಮಗುವಿನಂತೆ ಕೂರಿಸಿ ತಂದರಂತೆ. ಮನೆಯಿಂದ ಕಚೇರಿಗೆ ಬಂದ ಪ್ರತಿ ಅದು. ನಮ್ಮದು ಮನೆಯಿಂದ ಕಚೇರಿಯ ಪೆಟ್ಟಿಗೆಗೆ ಹೋಗುವ ಪ್ರತಿ. ತತ್ತ್ವ ಒಂದೇ.

ಆದ್ದರಿಂದ ಮೂರು ತಿಂಗಳಿಗೊಮ್ಮೆ ಒಂದು ಫೋಲ್ಡರನ್ನು ಬ್ಯಾಕಪ್ಪಿನಿಂದ ಬೇರೊಂದು ಜಾಗಕ್ಕೆ ಮರಳಿ ಪಡೆದು, ಫೈಲುಗಳನ್ನು ತೆರೆದು ನೋಡಬೇಕು. ಹೆಸರು ಕಂಡರೆ ಸಾಲದು. ಚಿತ್ರವು ಕಾಣಬೇಕು, ಧ್ವನಿಯು ಕೇಳಬೇಕು, ಕನ್ನಡವು ಕನ್ನಡವಾಗಿ ಓದಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ ಇನ್ನೊಬ್ಬರ ಯಂತ್ರದಲ್ಲಿ ಈ ಪರೀಕ್ಷೆಯನ್ನು ಮಾಡಿದರೆ ಇನ್ನೂ ಉತ್ತಮ. ಏಕೆಂದರೆ ನಿಜವಾದ ಆಪತ್ತಿನ ದಿನ ನಮ್ಮ ಯಂತ್ರವೇ ಇರುವುದಿಲ್ಲ. ಅಪರಿಚಿತ ಯಂತ್ರದಲ್ಲಿ ಲಿನಕ್ಸ್ ಇಲ್ಲದಿದ್ದರೂ ಪೆನ್‌ಡ್ರೈವಿನಿಂದಲೇ ಉಬುಂಟುವನ್ನು ತಾತ್ಕಾಲಿಕವಾಗಿ ನಡೆಸಬಹುದು.

ಹೊತ್ತಿನ ಲೆಕ್ಕವೊಂದು ಉಳಿಯಿತು. ಮನೆಯ ಫೈಲುಗಳು 200 ಜಿಬಿ ಇವೆಯೆಂದುಕೊಳ್ಳೋಣ. ಸೆಕೆಂಡಿಗೆ 30 ಎಂಬಿಯಂತೆ ಸಾಗುವ ಹಳೆಯ ಯುಎಸ್‌ಬಿ ಕಿಂಡಿಯಲ್ಲಿ ಮೊದಲ ಪ್ರತಿಗೆ ಎರಡು ಗಂಟೆಗಳ ಸುಮಾರು. 100 ಎಂಬಿಯಂತೆ ಸಾಗುವ ಹೊಸ ಕಿಂಡಿಯಲ್ಲಿ ಅರ್ಧ ಗಂಟೆಗಿಂತ ತುಸು ಹೆಚ್ಚು. ಸಣ್ಣ ಸಣ್ಣ ಫೈಲುಗಳು ಬಹಳವಿದ್ದರೆ ಇನ್ನೂ ಹೊತ್ತು ಹಿಡಿಯುತ್ತದೆ. ಅದನ್ನೇ ಸೆಕೆಂಡಿಗೆ 10 ಮೆಗಾಬಿಟ್ ಏರುವ ಇಂಟರ್‌ನೆಟ್ಟಿನಲ್ಲಿ ಕಳುಹಿಸುವುದಾದರೆ 44 ಗಂಟೆಗಳು ಬೇಕು. ವಾರದ ರಜೆಯ ದಿನ ಬೆಳಗ್ಗೆ ಡಿಸ್ಕನ್ನು ಜೋಡಿಸಿ ಸ್ನಾನಕ್ಕೆ ಹೋದರೆ, ಎರಡನೆಯ ವಾರದಿಂದ ಮೊದಲ್ಗೊಂಡು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕೆಲಸವು ಮುಗಿದಿರುತ್ತದೆ.